ರಂಗಭವನದ ರಾಕ್ ದಿನಗಳು

ಮುಂಬೈಯ ಧೋಬಿ ತಲಾವಿನಲ್ಲಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಮಗ್ಗುಲಿಗೆ, ರಂಗಭವನ ಎಂಬ ಬಯಲು ರಂಗಮಂದಿರವಿದೆ. ನಗರದಲ್ಲಿ ರಾಕ್ ಕೇಳಿ ಬೆಳೆದವರು ಹಳೆಯ ಕಾರ್ಯಕ್ರಮಗಳ ಮಾತು ತೆಗೆದರೆ ಮೊದಲು ಬರುವ ಹೆಸರು ಇದೇ. ಪ್ರೊಗ್ರೆಸಿವ್ ರಾಕ್‌ನ ಅಭಿಮಾನಿಗಳೂ ಇದಕ್ಕೆ ಹೊರತಲ್ಲ. ಆದರೆ ತಾವು ಆರಾಧಿಸಿದ ತಂಡಗಳನ್ನು ಅವರು ಅಲ್ಲಿ ನೋಡಿದ್ದು ಕಡಿಮೆ. ಆ ತಂಡಗಳ ಹಾಡುಗಳನ್ನು ಊರಿನ ಹುಡುಗರು ನುಡಿಸಿದ್ದನ್ನು ಕೇಳಿದ್ದೇ ಹೆಚ್ಚು.

1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ರೂಪುಗೊಂಡ ಪ್ರೊಗ್ರೆಸಿವ್ ರಾಕ್‌ಗೆ ಮೂರು ನಿಮಿಷದ ಹಾಡು ಸಾಲುತ್ತಿರಲಿಲ್ಲ. ಜೆತ್ರೋ ಟಲ್ ತಂಡದ 1972ರ ‘ಥಿಕ್ ಆ್ಯಸ್ ಎ ಬ್ರಿಕ್’ ಎಲ್‌ಪಿಯ ಎರಡೂ ಬದಿ ತುಂಬುವ ಒಂದೇ ರಚನೆ. ನಲವತ್ತು ನಿಮಿಷಕ್ಕೂ ಹೆಚ್ಚು ಉದ್ದ. ಮುಂಬೈಗೆ ಇಂಥ ಸಂಗೀತ ಬಂದದ್ದು ಪರದೇಶದಿಂದ ಮರಳಿದವರ ಪೆಟ್ಟಿಗೆಯಲ್ಲಿ, ಕಾಲಾಘೋಡಾದ ರಿದಮ್ ಹೌಸ್‌ನಂಥ ಅಂಗಡಿಗಳಲ್ಲಿ. ಒಬ್ಬರು ಎಲ್‌ಪಿ ಕೊಂಡರೆ ಸ್ನೇಹಿತರೆಲ್ಲ ಖಾಲಿ ಕ್ಯಾಸೆಟ್ ಹಿಡಿದು ಅವರ ಮನೆಗೆ ಹೋಗುತ್ತಿದ್ದರು. ಟೇಪು ಮುಗಿದಲ್ಲಿಗೆ ಹಾಡೂ ಮುಗಿಯಿತು.

ವೇದಿಕೆಯ ಮೇಲಿನ ರಾಕ್‌ಗೆ ಮೊದಲು ದೊಡ್ಡ ಜಾಗ ಕೊಟ್ಟ ಸಭಾಂಗಣಗಳಲ್ಲಿ ಷಣ್ಮುಖಾನಂದ ಒಂದು. ಮಾಟುಂಗದ ಕನ್ನಡಿಗರು ಕರ್ನಾಟಕ ಸಂಗೀತದ ಕಛೇರಿಗೆ ಹೋಗುತ್ತಿದ್ದ ಆ ಸಭಾಂಗಣದಲ್ಲೇ 1970ರ ಸುಮಾರಿಗೆ ಸಿಗರೇಟ್ ಕಂಪನಿಯೊಂದು ಪ್ರಾಯೋಜಿಸಿದ ಸಿಮ್ಲಾ ಬೀಟ್ ಸ್ಪರ್ಧೆ ನಡೆಯಿತು. 1972ರಲ್ಲಿ ಲೆಡ್ ಝೆಪೆಲಿನ್‌ನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಕ್ಲಬ್ಬಿನಲ್ಲಿ ಸ್ಥಳೀಯರೊಂದಿಗೆ ನುಡಿಸಿದರು. ಲೆಡ್ ಝೆಪೆಲಿನ್ ಪ್ರೊಗ್ರೆಸಿವ್ ತಂಡವಲ್ಲ. ಆದರೆ ಅಭಿಮಾನಿಗಳು ಅಂಥ ಮಡಿ-ಮೈಲಿಗೆ ನೋಡಿದವರಲ್ಲ. ಆ ರಾತ್ರಿಯ ಕಥೆ ಹೇಳುವವರಲ್ಲಿ ಹೆಚ್ಚಿನವರು ಅದನ್ನು ಕೇಳಿದ್ದು ಬೇರೆಯವರ ಬಾಯಲ್ಲಿ.

ರಂಗಭವನದಲ್ಲಿ 1978ರಲ್ಲಿ ಜಾಝ್ ಯಾತ್ರಾ ಉತ್ಸವ ಶುರುವಾಯಿತು. 1980ರ ಮಾರ್ಚ್ 26ರಂದು ಬ್ರಿಟನ್ನಿನ ದಿ ಪೊಲೀಸ್ ತಂಡ ಅಲ್ಲಿ ಹಾಡಿತು. ಕರೆಸಿದ್ದು ಟೈಮ್ ಆ್ಯಂಡ್ ಟ್ಯಾಲೆಂಟ್ಸ್ ಕ್ಲಬ್ಬಿನ ಮಹಿಳೆಯರು. 1986ರಲ್ಲಿ ಫರ್ಹಾದ್ ವಾಡಿಯಾ ಆರಂಭಿಸಿದ ಇಂಡಿಪೆಂಡೆನ್ಸ್ ರಾಕ್ ಆ ಜಾಗದ ನಿಜವಾದ ಹಬ್ಬವಾಯಿತು. ಹೆಸರೇ ಹೇಳುವಂತೆ ಅದು ಆಗಸ್ಟ್ ತಿಂಗಳ ಕಾರ್ಯಕ್ರಮ, ಅಂದರೆ ಮುಂಬೈ ಮಳೆಯ ನಡುವೆ. ಕರಿ ಟೀಶರ್ಟಿನ ಹುಡುಗರು ಒದ್ದೆ ಮೆಟ್ಟಿಲ ಮೇಲೆ ವೃತ್ತಪತ್ರಿಕೆ ಹಾಸಿ ಕೂರುತ್ತಿದ್ದರು. ಎರಡನೇ ಹಾಡಿಗೆ ಎಲ್ಲರೂ ಎದ್ದು ನಿಂತ ಮೇಲೆ ಅದು ಕಾಲಡಿಯಲ್ಲಿ ಮುದ್ದೆಯಾಗುತ್ತಿತ್ತು. ಹತ್ತಿರದ ಕಯಾನಿ ಹೋಟೆಲಿನಲ್ಲಿ ಬನ್ ಮಸ್ಕಾ, ಚಹಾ. ಮುಗಿದ ಮೇಲೆ ಮರೀನ್ ಲೈನ್ಸ್‌ಗೆ ಓಡಿ ಬೋರಿವಲಿಯ ಕೊನೆಯ ಲೋಕಲ್ ಹಿಡಿಯುವುದು.

ವೇದಿಕೆಯ ಮೇಲೆ ಆಗ ಬಹುಪಾಲು ಅನುಕರಣೆಯೇ ನಡೆಯುತ್ತಿತ್ತು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಮೂಲ ತಂಡ ಬರುವ ಆಸೆಯೇ ಇಲ್ಲದಿದ್ದಾಗ, ಕ್ಯಾಸೆಟ್ ಹಿಂದೆ ಮುಂದೆ ತಿರುಗಿಸಿ ಕಲಿತ ಸ್ವರಗಳನ್ನು ತಪ್ಪಿಲ್ಲದೆ ನುಡಿಸುವುದೇ ದೊಡ್ಡ ಕಸುಬು. ಒಂದು ಸ್ವರ ತಪ್ಪಿದರೂ ಕೇಳುಗರಿಗೆ ಗೊತ್ತಾಗುತ್ತಿತ್ತು. 1984ರಲ್ಲಿ ಕಟ್ಟಿದ ರಾಕ್ ಮಷೀನ್ ಸ್ವಂತ ಹಾಡುಗಳನ್ನು ಹಾಡಲು ಧೈರ್ಯ ಮಾಡಿತು. ಮುಂದೆ ಅದೇ ಇಂಡಸ್ ಕ್ರೀಡ್ ಆಯಿತು.

ರಂಗಭವನಕ್ಕೆ ಕುತ್ತು ತಂದದ್ದು ಅದರ ನೆರೆಹೊರೆ. ಕಾಲೇಜು, ಕಾಮಾ ಆಸ್ಪತ್ರೆ, ನ್ಯಾಯಾಲಯ ಎಲ್ಲವೂ ಕೂಗಳತೆಯಲ್ಲಿವೆ. ಇಂಥ ಸ್ಥಳಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯವಾಗಿಸಿದವು. ರೋಗಿಗಳ ದೃಷ್ಟಿಯಿಂದ ಅದು ಸರಿಯೇ. ಹಲವು ಅಭಿಮಾನಿಗಳೂ ಒಪ್ಪುತ್ತಾರೆ, ಬೇಸರದಿಂದಲೇ. ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕೆಂಬ ಕಟ್ಟಳೆ ಬಿಗಿಯಾದ ಮೇಲೆ, ಉದ್ದನೆಯ ರಚನೆ ನುಡಿಸುವ ತಂಡಗಳಿಗೆ ಗಡಿಯಾರ ನೋಡುವ ಗತಿ ಬಂತು.

ಇತ್ತ ಮೂಲ ತಂಡಗಳೇ ಬರತೊಡಗಿದ್ದವು. 1994ರಲ್ಲಿ ಜೆತ್ರೋ ಟಲ್ ಮುಂಬೈಗೆ ಬಂತು. ಒಂಟಿ ಕಾಲಲ್ಲಿ ನಿಂತು ಕೊಳಲೂದುವ ಇಯಾನ್ ಆ್ಯಂಡರ್ಸನ್ ಅದುವರೆಗೆ ಇಲ್ಲಿನವರಿಗೆ ಬರೀ ಫೋಟೊ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋದರು. ಮುಂಬೈ 2007ರ ಫೆಬ್ರುವರಿವರೆಗೆ ಕಾಯಬೇಕಾಯಿತು. ಬಾಂದ್ರಾ-ಕುರ್ಲಾದ ಎಂಎಂಆರ್‌ಡಿಎ ಮೈದಾನದಲ್ಲಿ ಅವರು 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಅನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿದರು. 2009ರ ಡಿಸೆಂಬರಿನಲ್ಲಿ ಪೊವಾಯಿಯ ಐಐಟಿಯ ಮೂಡ್ ಇಂಡಿಗೋ ಉತ್ಸವಕ್ಕೆ ಪೋರ್ಕುಪೈನ್ ಟ್ರೀ ಬಂತು. ದಕ್ಷಿಣ ಮುಂಬೈಗೆ ಲೋಕಲ್ ಹಿಡಿಯುತ್ತಿದ್ದ ಉಪನಗರದವರಿಗೆ ಕಾರ್ಯಕ್ರಮವೇ ಈಗ ಮನೆಯ ಹತ್ತಿರ ಬಂದಿತ್ತು, ಟಿಕೆಟ್ಟಿನ ಬೆಲೆ ಮಾತ್ರ ದೂರ ಹೋಗಿತ್ತು.

ಊರಿನ ತಂಡಗಳಿಗೆ 2007ರ ಕೊನೆಗೆ ಲೋವರ್ ಪರೇಲ್‌ನ ಮಥುರಾದಾಸ್ ಮಿಲ್ ಆವರಣದಲ್ಲಿ ತೆರೆದ ಬ್ಲೂ ಫ್ರಾಗ್ ನೆಲೆ ಕೊಟ್ಟಿತು. ಕೋಶಿಶ್ ಎಂಬ ಮುಂಬೈ ತಂಡ 2013ರಲ್ಲಿ ಹಿಂದಿಯಲ್ಲೇ ‘ಫಿರ್ದೌಸ್’ ಎಂಬ ಪ್ರೊಗ್ರೆಸಿವ್ ಆಲ್ಬಮ್ ತಂದಿತು. ಹಾಡುಗಳ ಕ್ರಮ ಕದಡಿಟ್ಟು, ಸರಿಯಾದ ಕ್ರಮ ಹುಡುಕುವ ಕೆಲಸವನ್ನು ಕೇಳುಗನಿಗೇ ಬಿಟ್ಟಿತು. ಬ್ಲೂ ಫ್ರಾಗ್, ರಿದಮ್ ಹೌಸ್ ಎರಡೂ 2016ರಲ್ಲಿ ಮುಚ್ಚಿದವು. ಕೆಲವು ವರ್ಷ ನಿಂತಿದ್ದ ಇಂಡಿಪೆಂಡೆನ್ಸ್ ರಾಕ್ 2022ರಲ್ಲಿ ಮತ್ತೆ ನಡೆಯಿತು, ಆಗಸ್ಟಿನಲ್ಲಲ್ಲ, ಮಳೆಗಾಲ ಕಳೆದ ನವೆಂಬರಿನಲ್ಲಿ.