ಕಣ್ಣಿಗೆ ಕಾಣದ ದೂಳು

ಮೇಷ್ಟರ ಕಸುಬಿಗೂ ದೂಳಿಗೂ ಹಳೆಯ ನಂಟು. ಕರಿಹಲಗೆಯ ಮೇಲೆ ಬರೆದು ಒರೆಸಿ, ಬರೆದು ಒರೆಸಿ ಸಂಜೆಯ ಹೊತ್ತಿಗೆ ಅಂಗಿಯ ತೋಳು, ತಲೆಗೂದಲು ಎರಡೂ ಬೆಳ್ಳಗಾಗಿರುತ್ತಿದ್ದವು. ಮೂವತ್ನಾಲ್ಕು ವರ್ಷ ಆ ಪುಡಿಯನ್ನು ಉಸಿರಾಡಿಯೂ ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ನಾನು ದಿನಕ್ಕೆ ಎರಡು ಮೈಲಿ ನಡೆಯುತ್ತೇನೆ. ಆದರೆ ದೂಳೆಲ್ಲ ಒಂದೇ ಜಾತಿಯದಲ್ಲ. ಸೀಮೆಸುಣ್ಣ ಸುಣ್ಣಕಲ್ಲಿನದೋ ಜಿಪ್ಸಮ್ಮಿನದೋ ಆಗಿರುತ್ತದೆ. ಗಟ್ಟಿ ಕಲ್ಲನ್ನು ಕೊಯ್ದಾಗ, ಕೊರೆದಾಗ ಏಳುವ ದೂಳಿನಲ್ಲಿರುವುದು ಸಿಲಿಕಾ. ಅದರ ಸ್ವಭಾವವೇ ಬೇರೆ.

ಈ ಎರಡನೆಯ ದೂಳಿಗೂ ಶಾಲೆಗೂ ಸಂಬಂಧವುಂಟು. ನಮ್ಮ ಕಾಲದ ಮಕ್ಕಳೆಲ್ಲ ಸ್ಲೇಟಿನ ಮೇಲೆ ಕಡ್ಡಿಯಿಂದ ಅಕ್ಷರ ತಿದ್ದಿದವರೇ. ಆ ಸ್ಲೇಟುಕಡ್ಡಿಗಳ ತಯಾರಿಕೆಗೆ ಹೆಸರಾದ ಊರು ಮಧ್ಯಪ್ರದೇಶದ ಮಂದಸೌರ್. ಅಲ್ಲಿ ಪದರುಗಲ್ಲನ್ನು ವಿದ್ಯುತ್ತಿನಿಂದ ತಿರುಗುವ ಗರಗಸಕ್ಕೆ ಒಡ್ಡಿ ಕಡ್ಡಿಗಳಾಗಿ ಸೀಳುತ್ತಿದ್ದರು. ಗರಗಸದ ಮುಂದೆ ಕುಳಿತವನ ಮುಖಕ್ಕೇ ದೂಳು ಹಾರುತ್ತಿತ್ತು. ಹರೆಯಕ್ಕೆ ಕಾಲಿಡುವ ಮೊದಲೇ ಆ ಕೆಲಸಕ್ಕೆ ಸೇರಿದವರು ಕೆಲವೇ ವರ್ಷಗಳಲ್ಲಿ ಏದುಸಿರು ಬಿಡತೊಡಗಿ, ನಲವತ್ತನ್ನು ಕಾಣದೆ ತೀರಿಕೊಂಡರು. 1980ರ ದಶಕದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪರೀಕ್ಷಿಸಿದ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಆ ರಾಜ್ಯ ಸರ್ಕಾರ 1982ರಲ್ಲಿ ಸ್ಲೇಟುಕಡ್ಡಿ ಕಾರ್ಮಿಕರ ಕಲ್ಯಾಣನಿಧಿಗೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಮಕ್ಕಳ ಕೈಗೆ ವಿದ್ಯೆ ಕೊಟ್ಟ ಕಡ್ಡಿಯ ಹಿಂದೆ ಇಂಥದೊಂದು ಲೆಕ್ಕವಿತ್ತು.

ರೋಗದ ಬಗೆ ಸರಳವಾಗಿಯೇ ಇದೆ. ಒಂದು ಮಿಲಿಮೀಟರನ್ನು 100 ಪಾಲು ಮಾಡಿ, ಅದರ ಒಂದು ಪಾಲಿಗಿಂತಲೂ ಸಣ್ಣದಾದ ಕಣವನ್ನು ಊಹಿಸಿಕೊಳ್ಳಿ. ಅದು ಮೂಗಿನ ಕೂದಲಿಗೂ ಸಿಗದೆ, ಗಂಟಲಿನ ಕಫಕ್ಕೂ ಸಿಗದೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತದೆ. ಅಲ್ಲಿ ಕಾವಲಿರುವ ಜೀವಕೋಶಗಳು ಅದನ್ನು ನುಂಗುತ್ತವೆ, ಜೀರ್ಣಿಸಲಾರದೆ ಸಾಯುತ್ತವೆ. ಸತ್ತಲ್ಲೆಲ್ಲ ಗಾಯದ ಕಲೆಯಂಥ ಗಂಟುಗಳು ಬೆಳೆದು ಮೃದುವಾದ ಶ್ವಾಸಕೋಶ ಗಡುಸಾಗುತ್ತದೆ. ಇದನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಅದರ ಬೆನ್ನಿಗೇ ಕ್ಷಯವೂ ಬಂದು ಸೇರುವುದುಂಟು.

ನಾನು ಕೆಲವು ವರ್ಷ ಕೋಲಾರದ ಸೀಮೆಯಲ್ಲಿ ಕೆಲಸ ಮಾಡಿದವನು. ಚಿನ್ನದ ಗಣಿಯಲ್ಲಿ ದುಡಿದವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಅಲ್ಲಿ ಜನ ಮಾತಾಡುತ್ತಿದ್ದುದು ಹೆಚ್ಚಾಗಿ ಬಂಡೆಸಿಡಿತದ ವಿಷಯ. ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಮೇಲಿನ ಬಂಡೆಯ ಭಾರಕ್ಕೆ ಕಲ್ಲು ಸಿಡಿದರೆ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಸದ್ದು ಮಾಡುವ ಅಪಾಯಕ್ಕೆ ಊರೆಲ್ಲ ಓಡಿ ಬರುತ್ತದೆ. ದೂಳಿಗೆ ಸದ್ದಿಲ್ಲ. 1940ರ ದಶಕದಲ್ಲಿ ಅಲ್ಲಿನ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. 2001ರಲ್ಲಿ ಗಣಿ ಮುಚ್ಚಿತು. ಎದೆಯೊಳಗೆ ಹೊತ್ತು ತಂದ ದೂಳಿನಿಂದ ಮಾತ್ರ ಯಾರಿಗೂ ನಿವೃತ್ತಿ ಸಿಗಲಿಲ್ಲ.

ಇದೆಲ್ಲ ಹಳೆಯ ಕಥೆಯೆಂದು ಓದುಗರು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಶಾಲೆಯಲ್ಲಿ ಕಬಡ್ಡಿಗೆ ಅವನನ್ನು ಮೀರಿಸುವವರಿರಲಿಲ್ಲ. ಒಂದೇ ಉಸಿರಿಗೆ ನಾಲ್ವರನ್ನು ಮುಟ್ಟಿ ಬರುತ್ತಿದ್ದ. ಈಗ ನಮ್ಮ ಜಗಲಿಯ ಮೂರು ಮೆಟ್ಟಿಲು ಹತ್ತಿ, ಕಂಬ ಹಿಡಿದು ನಿಂತುಬಿಟ್ಟ. ಹದಿನಾರು ವರ್ಷ ಗ್ರಾನೈಟ್ ಕೊಯ್ಯುವ ಘಟಕವೊಂದರಲ್ಲಿ ದುಡಿದಿದ್ದ. ಕ್ಷಯವೆಂದು ಎರಡು ಬಾರಿ ಔಷಧ ಕೊಟ್ಟಿದ್ದರಂತೆ, ಗುಣ ಕಂಡಿರಲಿಲ್ಲ. "ಏನು ಕೆಲಸ ಮಾಡುತ್ತೀಯೆಂದು ಡಾಕ್ಟರು ಕೇಳಲಿಲ್ಲವೇನಪ್ಪಾ?" ಎಂದೆ. "ಬೀಡಿ ಸೇದುತ್ತೀಯಾ ಅಂತ ಕೇಳಿದರು ಸಾರ್, ಇಲ್ಲ ಅಂದೆ" ಎಂದ. ರೋಗಿಯ ಕಸುಬನ್ನೂ ವಿಚಾರಿಸಬೇಕೆಂದು ಇಟಲಿಯ ವೈದ್ಯ ರಮಝೀನಿ 1700ರಷ್ಟು ಹಿಂದೆಯೇ ಬರೆದಿದ್ದಾನೆ. ಮೂರು ಶತಮಾನ ಕಳೆದರೂ ಆ ಒಂದು ಪ್ರಶ್ನೆ ನಮ್ಮ ಹುಡುಗನವರೆಗೆ ತಲುಪಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಪ್ರಶ್ನೆ ಕೇಳಿದ ಮೇಲೆಯೇ ರೋಗದ ನಿಜವಾದ ಹೆಸರು ತಿಳಿದದ್ದು.

ಅವನು ದುಡಿಯುತ್ತಿದ್ದ ಜಾಗದಲ್ಲಿದ್ದವರು ಎಂಟೇ ಜನ. 1948ರ ಕಾರ್ಖಾನೆಗಳ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಕೆಲಸಗಾರರಿದ್ದರೆ ಅದನ್ನು ಕಾರ್ಖಾನೆಯೆಂದು ಕರೆಯುತ್ತಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದೆ. ತಲೆಗಳ ಲೆಕ್ಕ ಕಾನೂನಿಗೆ ಬೇಕಾದೀತು. ಎಂಟು ಜನರಿದ್ದಾರೆಂದು ಸಿಲಿಕಾ ರಿಯಾಯಿತಿ ತೋರಿಸುವುದಿಲ್ಲ.

ನನ್ನ ಇನ್ನೊಬ್ಬ ಶಿಷ್ಯ ಎರಕದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ನನ್ನನ್ನು ಕರೆದಿದ್ದ. ಭಾಷಣ, ಹಾರ ಮುಗಿದ ಮೇಲೆ ಒಳಗೆ ಕರೆದೊಯ್ದ. ಎರಕದ ಅಚ್ಚಿನಲ್ಲಿ ಬಳಸುವ ಮರಳೂ ಸಿಲಿಕಾವೇ. ಅಚ್ಚು ಒಡೆಯುವ ಜಾಗದಲ್ಲಿ ದೊಡ್ಡ ಕೊಳವೆಗಳು ದೂಳನ್ನು ಎದ್ದಲ್ಲಿಯೇ ಹೀರಿಕೊಳ್ಳುತ್ತಿದ್ದವು. "ಇಷ್ಟೆಲ್ಲ ಖರ್ಚೇಕೆ, ಎಲ್ಲರಿಗೂ ಮುಖಕ್ಕೊಂದು ಮಾಸ್ಕ್ ಕೊಟ್ಟರೆ ಸಾಲದೇ?" ಎಂದು ಕೇಳಿದೆ. ಅವನು ನಕ್ಕು, "ಈ ಸೆಕೆಯಲ್ಲಿ ಎಂಟು ಗಂಟೆ ಅದನ್ನು ಬಿಗಿದುಕೊಂಡು ಸುತ್ತಿಗೆ ಹೊಡೆದು ನೋಡಿ ಸಾರ್, ಮಧ್ಯಾಹ್ನದೊಳಗೆ ಕುತ್ತಿಗೆಗೆ ಇಳಿದಿರುತ್ತದೆ" ಎಂದ.

ಆಮೇಲೆ ಅವನು ನನಗೇ ಪಾಠ ಮಾಡಿದ. ಅಪಾಯವನ್ನು ಎದುರಿಸಲು ಐದು ಮೆಟ್ಟಿಲುಗಳಿವೆಯಂತೆ. ಮೊದಲನೆಯದು, ಅಪಾಯದ ಕೆಲಸವನ್ನೇ ಕೈಬಿಡಲು ಸಾಧ್ಯವೇ ನೋಡುವುದು. ಎರಡನೆಯದು, ಅಪಾಯದ ವಸ್ತುವಿನ ಬದಲು ಬೇರೆಯದನ್ನು ಬಳಸುವುದು; ಎರಕಗಳನ್ನು ಮರಳು ಎರಚಿ ಉಜ್ಜುವುದನ್ನು ಬ್ರಿಟನ್ 1949ರ ನಿಯಮಗಳಿಂದ ನಿಲ್ಲಿಸಿತು, ಮರಳಿನ ಬದಲು ಲೋಹದ ಹರಳುಗಳು ಬಂದವು. ಮೂರನೆಯದು, ನೀರು ಹಾಯಿಸಿಯೋ ಗಾಳಿ ಹೀರಿಯೋ ಯಂತ್ರದ ಬಳಿಯಲ್ಲೇ ದೂಳನ್ನು ಹಿಡಿಯುವುದು. ನಾಲ್ಕನೆಯದು, ತರಬೇತಿ, ಪಾಳಿಯ ಬದಲಾವಣೆ, ತಪಾಸಣೆ. ಎಲ್ಲವೂ ಆದ ಮೇಲೆ, ಉಳಿದ ಅಪಾಯಕ್ಕೆ ಮಾತ್ರ ಮಾಸ್ಕ್. ನಮ್ಮಲ್ಲಿ ಬಹುಪಾಲು ಮಾಲೀಕರು ಐದನೆಯದರಿಂದ ಶುರುಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಸೂರು ಸೋರುತ್ತಿದ್ದರೆ ಹೆಂಚು ಹೊದಿಸಬೇಕು; ಮನೆಯವರಿಗೆಲ್ಲ ಒಂದೊಂದು ಛತ್ರಿ ಕೊಟ್ಟು ಮಲಗಿ ಎನ್ನುವುದು ಯಾವ ನ್ಯಾಯ?

ಈ ಐದು ಮೆಟ್ಟಿಲುಗಳಲ್ಲಿ ಇನ್ನೊಂದು ಮಾತೂ ಅಡಗಿದೆ. ಮೇಲಿನ ಮೂರು ಮೆಟ್ಟಿಲುಗಳ ಹೊಣೆ ಯಜಮಾನನದು. ಮಾಸ್ಕಿಗೆ ಬಂದಾಗ ಹೊಣೆಯೆಲ್ಲ ಕೂಲಿಯವನ ಹೆಗಲಿಗೆ ಜಾರುತ್ತದೆ. ಆಮೇಲೆ ಅವನು ಕೆಮ್ಮಿದರೆ, "ಕೊಟ್ಟಿದ್ದೆವು, ಅವನು ಹಾಕಿಕೊಳ್ಳಲಿಲ್ಲ" ಎಂದು ಕೈತೊಳೆದುಕೊಳ್ಳುವುದು ಸುಲಭ. ಕಾಯಕವೇ ಕೈಲಾಸವೆಂದು ನಂಬಿದ ನಾಡು ನಮ್ಮದು. ಆ ಕಾಯಕ ಮಾಡುವವನ ಕಾಯವನ್ನು ಉಳಿಸುವುದು ಯಾರ ಧರ್ಮ?

ಕಾರ್ಖಾನೆಯ ಮುಖವನ್ನೇ ನೋಡದವರಿಗೂ ಇದರಲ್ಲಿ ಪಾಲುಂಟು. ಈಗ ಯಾವ ಬೀದಿಯಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದಾರೆ. ಅಡುಗೆಮನೆಯ ಕಟ್ಟೆಗೆಂದು ಗ್ರಾನೈಟ್ ಚಪ್ಪಡಿಯನ್ನು ಒಣಗಲ್ಲಿನಲ್ಲೇ ಕೊಯ್ಯುವ ಹುಡುಗ ಬಿಳಿಯ ಮೋಡದ ನಡುವೆ, ಬಾಯಿಗೊಂದು ಕರವಸ್ತ್ರ ಕಟ್ಟಿಕೊಂಡು ಕುಳಿತಿರುತ್ತಾನೆ. ಕಲ್ಲಿನ ಹೊಳಪು, ಅಂಚಿನ ನುಣುಪು ನೋಡಲು ನಾವು ಹೋಗಿಯೇ ಹೋಗುತ್ತೇವೆ. ಹೋದಾಗ ಗುತ್ತಿಗೆದಾರನಿಗೆ ಒಂದು ಮಾತು ಹೇಳಿ: ಕೊಯ್ಯುವಲ್ಲಿ ನೀರು ಬಿಡುವ ಯಂತ್ರವನ್ನೇ ತರಲಿ, ಅದರ ಬಾಡಿಗೆಯ ಹೆಚ್ಚಳವನ್ನು ನಮ್ಮ ಲೆಕ್ಕಕ್ಕೇ ಬರೆದುಕೊಳ್ಳಲಿ. ಕಬಡ್ಡಿಯ ಹುಡುಗನಿಗೆ ಇದನ್ನು ಹೇಳುವವರು ಹದಿನಾರು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಅವನು ಕಳೆದ ವರ್ಷ ಆಷಾಢದಲ್ಲಿ ತೀರಿಕೊಂಡ. ಅವನ ಜಾಗದಲ್ಲಿ ಈಗ ಇನ್ನೊಬ್ಬ ಹುಡುಗ ಕುಳಿತಿದ್ದಾನೆ. ವಯಸ್ಸು ಇಪ್ಪತ್ತೂ ಆಗಿರಲಾರದು.