ಕಿಸೆಯೊಳಗಿನ ಯಜಮಾನ

ಪುತ್ತೂರು ಬಸ್ ಸ್ಟ್ಯಾಂಡಿನ ಸುತ್ತಿನ ಮೊಬೈಲ್ ಅಂಗಡಿಗಳಲ್ಲಿ ಗಾಜಿನ ಕಪಾಟಿನ ಯೋಗ ಇರುವುದು ಇಯರ್‌ಫೋನಿಗೆ, ಸ್ಮಾರ್ಟ್ ವಾಚಿಗೆ. ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸಲು ಬೇಕಾದ ಒಟಿಜಿ ಎಂಬ ಕೊಂಡಿಗೆ ಆ ಭಾಗ್ಯ ಇಲ್ಲ. ಅದು ಮೇಜಿನ ಖಾನೆಯೊಳಗಿನ ಡಬ್ಬಿಯಲ್ಲಿ, ಸಿಮ್ ತೆಗೆಯುವ ಸೂಜಿ, ಹಳೆಯ ಬ್ಯಾಟರಿ, ಚಿಲ್ಲರೆ ನಾಣ್ಯಗಳ ಜತೆ ಬಿದ್ದಿರುತ್ತದೆ. ಗಿರಾಕಿ "ಒಟಿಜಿ ಉಂಟಾ?" ಎಂದು ಕೇಳಿದರೆ ಅಂಗಡಿಯವ ತಲೆ ಎತ್ತದೆ "ಸಣ್ಣ ಪಿನ್ನಾ, ಟೈಪ್ ಸಿ ಯಾ?" ಎಂದು ಮರುಪ್ರಶ್ನೆ ಹಾಕಿ ಡಬ್ಬಿಯೊಳಗೆ ಕೈ ಹಾಕುತ್ತಾನೆ. ಸುಳ್ಯದಲ್ಲಿಯೂ ಹೀಗೆಯೇ, ಕಡಬದಲ್ಲಿಯೂ ಹೀಗೆಯೇ. ಹೆಬ್ಬೆರಳಿನ ತುದಿಯಷ್ಟಿರುವ ಈ ವಸ್ತುವಿನ ಬೆಲೆ ಹೆಚ್ಚೆಂದರೆ ನೂರು ರೂಪಾಯಿಯ ಆಸುಪಾಸು. ಆದರೆ ನಮ್ಮ ಮೂರು ತಾಲೂಕುಗಳ ಕಿಸೆಗಳಲ್ಲಿರುವ ಫೋನುಗಳನ್ನು ಮಾತಿನ ಯಂತ್ರದಿಂದ ನಿಜವಾದ ಕಂಪ್ಯೂಟರಿಗೆ ಬಡ್ತಿ ಮಾಡಿಸಿದ್ದು ಇದೇ ಎಂದು ನನ್ನ ಅಭಿಪ್ರಾಯ. ಕ್ಯಾಮರಾದಲ್ಲಿ ಎಷ್ಟು ಮೆಗಾಪಿಕ್ಸೆಲ್ ಉಂಟು ಎಂದು ಜಗಳಾಡುವವರು ಯಾರೂ ಇದನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಒಟಿಜಿ ಮಾಡುವ ಕೆಲಸ ಇಷ್ಟೇ: ಫೋನಿನ ಸ್ಥಾನ ಬದಲಿಸುತ್ತದೆ. ಯುಎಸ್‌ಬಿಯ ಲೋಕದಲ್ಲಿ ಸಮಾನತೆ ಎಂಬುದಿಲ್ಲ. ತಂತಿಯ ಒಂದು ತುದಿಯಲ್ಲಿ ಯಜಮಾನ, ಇನ್ನೊಂದು ತುದಿಯಲ್ಲಿ ನೆಂಟ. ಕಂಪ್ಯೂಟರಿಗೆ ಸಿಕ್ಕಿಸಿದಾಗ ನಮ್ಮ ಫೋನು ನೆಂಟ. ಒಟಿಜಿಯ ಮೂಲಕ ಪೆನ್‌ಡ್ರೈವ್ ಸಿಕ್ಕಿಸಿದಾಗ ಅದೇ ಫೋನು ಯಜಮಾನ. ಆಮೇಲಿನ ನಡಾವಳಿಯನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕೆಂದಿಲ್ಲ, ನಮ್ಮ ಕಡೆಯ ಒಂದು ತೋಟದ ಮನೆಗೆ ಅಪರಿಚಿತರಾಗಿ ಹೋದರೆ ಸಾಕು. ಜಗಲಿಗೆ ಹತ್ತಿದ ಕೂಡಲೇ ಬೆಲ್ಲ, ನೀರು ಬರುತ್ತದೆ; ಅದಕ್ಕೆ ಪರಿಚಯ ಬೇಡ. ಯುಎಸ್‌ಬಿಯಲ್ಲಿ ಅದರ ಪ್ರಮಾಣ 100 ಮಿಲಿಆಂಪಿಯರ್. ಆಮೇಲೆ ವಿಚಾರಣೆ ಸುರು. "ಎಲ್ಲಿಯವರಾಯಿತು? ಯಾವ ಮನೆ? ಎಂತ ಕೆಲಸ?" ಎಂದು ಇಲ್ಲಿ ಕೇಳಿದರೆ, ಅಲ್ಲಿ ತಯಾರಕರ ಸಂಖ್ಯೆ ಯಾವುದು, ವಸ್ತುವಿನ ಸಂಖ್ಯೆ ಯಾವುದು, ಕೀಬೋರ್ಡಿನ ಜಾತಿಯೋ ಸಂಗ್ರಹದ ಜಾತಿಯೋ, ಕರೆಂಟು ಎಷ್ಟು ಬೇಕು ಎಂಬ ಪ್ರಶ್ನೆಗಳು. ನೆಂಟ ತಾನಾಗಿ ಬಾಯಿ ಬಿಡುವಂತಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ. ಎಲ್ಲ ಸರಿ ಕಂಡರೆ ಒಂದು ನಂಬರು ಕೊಟ್ಟು ಒಳಗೆ ಕೂರಿಸುತ್ತಾರೆ. ಒಬ್ಬ ಯಜಮಾನನ ಮನೆಯಲ್ಲಿ ಅಂಥ 127 ನಂಬರುಗಳಿಗೆ ಅವಕಾಶ ಉಂಟು. ಅನಂತರವೇ ಊಟ, ಅದು 500 ಮಿಲಿಆಂಪಿಯರ್‌ವರೆಗೆ. ಕಂಪ್ಯೂಟರಾದರೆ ಇಷ್ಟು ಬಡಿಸುವುದು ಕಷ್ಟವಲ್ಲ. ಫೋನು ತನ್ನ ಸ್ವಂತ ಬ್ಯಾಟರಿಯಿಂದ ಬಡಿಸಬೇಕು. ಹಾಗಾಗಿ ಪೆನ್‌ಡ್ರೈವಿಗೆ ನಗುತ್ತಾ ಬಾಗಿಲು ತೆರೆಯುವ ಫೋನು, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಬಂದರೆ ಒಮ್ಮೊಮ್ಮೆ ಕೈಚೆಲ್ಲುತ್ತದೆ. ಅಂಥ ಹೊಟ್ಟೆಬಾಕರಿಗೆ ಕರೆಂಟಿನ ಪ್ಲಗ್ ಇರುವ ಹಬ್ ಬೇಕು.

ಯುಎಸ್‌ಬಿ ಹುಟ್ಟಿದ್ದು 1996ರಲ್ಲಿ, ಇಂಟೆಲ್‌ನಲ್ಲಿ ಅದರ ಕೆಲಸ ನಡೆಸಿದವರಲ್ಲಿ ಮುಖ್ಯರು ನಮ್ಮ ದೇಶದವರೇ ಆದ ಅಜಯ್ ಭಟ್. ಕೈಯಲ್ಲಿ ಹಿಡಿಯುವ ಯಂತ್ರವೂ ಯಜಮಾನ ಆಗಬಹುದು ಎಂಬ ಒಟಿಜಿ ನಿಯಮ ಬಂದದ್ದು 2001ರ ಕೊನೆಗೆ. ಅದರ ಗುಟ್ಟು ಒಂದು ತಂತಿಯ ತುಂಡಿನಲ್ಲಿದೆ. ಹಳೆಯ ಸಣ್ಣ ಪಿನ್ನಿನಲ್ಲಿ ಐದು ಕಾಲುಗಳು. ಚಾರ್ಜರಿನ ತಂತಿಯಲ್ಲಿ ನಾಲ್ಕನೆಯದಕ್ಕೆ ಉದ್ಯೋಗವಿಲ್ಲ. ಒಟಿಜಿಯಲ್ಲಿ ಅದನ್ನು ಐದನೆಯದಕ್ಕೆ, ಅಂದರೆ ಗ್ರೌಂಡಿಗೆ, ಸೇರಿಸಿರುತ್ತಾರೆ. ಅದನ್ನು ಕಂಡ ಕೂಡಲೇ ಫೋನಿಗೆ ತಾನು ಯಜಮಾನ ಎಂದು ಗೊತ್ತಾಗುತ್ತದೆ. ಟೈಪ್ ಸಿ ಯಲ್ಲಿ ಆ ಕೆಲಸವನ್ನು 5.1 ಕಿಲೋಓಮ್‌ನ ಒಂದು ರೆಸಿಸ್ಟರ್ ಮಾಡುತ್ತದೆ. ಅಗ್ಗದ ಮಾಲಿನಲ್ಲಿ ಒಮ್ಮೊಮ್ಮೆ ಇದೇ ಕೈಬಿಟ್ಟುಹೋಗಿರುತ್ತದೆ. "ನಮ್ಮ ಫೋನು ಪೆನ್‌ಡ್ರೈವ್ ಹಿಡಿಯುದಿಲ್ಲ ಮಾರಾಯ್ರೆ" ಎಂಬ ದೂರುಗಳಲ್ಲಿ ಒಂದಷ್ಟು ಪಾಲು ಫೋನಿನದ್ದಲ್ಲ, ಡಬ್ಬಿಯಿಂದ ಬಂದ ಮಾಲಿನದ್ದು. ಇನ್ನು ಕೆಲವು ಕಂಪೆನಿಗಳ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಹೋಗಿ ಒಟಿಜಿಯ ಸ್ವಿಚ್ ಹಾಕಬೇಕು. ಹತ್ತು ನಿಮಿಷ ಸುಮ್ಮನಿದ್ದರೆ ಅದು ತಾನಾಗಿ ಆರಿಹೋಗುತ್ತದೆ. ಪುತ್ತೂರಿನದೇ ಪರ್ಲಡ್ಕದ ಬಾಲವನದ ಶಿವರಾಮ ಕಾರಂತರು ಮಕ್ಕಳಿಗೆಂದು 'ಬಾಲ ಪ್ರಪಂಚ' ಎಂಬ ವಿಶ್ವಕೋಶ ಬರೆದವರು. ಇಂದಿದ್ದರೆ ಪಿನ್ನಿನ ಆ ನಾಲ್ಕನೇ ಕಾಲಿಗೆ ಚಿತ್ರಸಮೇತ ಅರ್ಧ ಪುಟ ಕೊಡುತ್ತಿದ್ದರೋ ಏನೋ.

ಈ ಎಲ್ಲ ವಿದ್ಯೆ ನಮ್ಮ ಕಡೆ ಹೆಚ್ಚಾಗಿ ಖರ್ಚಾಗುವುದು ಮದುವೆಯ ವಿಡಿಯೋಕ್ಕೆ. ಮೊದಲು ಕ್ಯಾಸೆಟ್ ಕೊಡುತ್ತಿದ್ದರು, ಆಮೇಲೆ ಸಿಡಿ. ಈಗ ವಿಡಿಯೋದವರು ವಧೂವರರ ಹೆಸರು ಬರೆದ ಪೆನ್‌ಡ್ರೈವನ್ನು ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಇದ್ದ ಲ್ಯಾಪ್‌ಟಾಪು ಮಗನ ಜತೆ ಬೆಂಗಳೂರಿಗೆ ಹೋಗಿದೆ. ಆಗ ಪಕ್ಕದ ಮನೆಯ ಹುಡುಗ ಒಟಿಜಿ ಹಿಡಿದು ಬರುತ್ತಾನೆ, ಮನೆಯವರೆಲ್ಲ ಸುತ್ತ ನಿಲ್ಲುತ್ತಾರೆ, ಫೋನಿನ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ: ಈ ಡ್ರೈವ್ ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕೇ? ಕಾರಣ ಸರಳ. ಪೆನ್‌ಡ್ರೈವಿನೊಳಗಿನ ಲೆಕ್ಕದ ಪುಸ್ತಕ ಬರೆಯುವ ಪದ್ಧತಿಗಳು ಹಲವು. ಎಲ್ಲ ಫೋನುಗಳೂ ಓದಬಲ್ಲ ಹಳೆಯ ಪದ್ಧತಿ ಫ್ಯಾಟ್32. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಮುಹೂರ್ತದಿಂದ ಊಟದ ಪಂಕ್ತಿಯವರೆಗೆ ಒಂದೇ ಉದ್ದಕ್ಕೆ ಜೋಡಿಸಿದ ವಿಡಿಯೋ ಆ ಗಡಿ ದಾಟುತ್ತದೆ. ಹಾಗಾಗಿ ವಿಡಿಯೋದವರು ತಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ತುಂಬಿಸುತ್ತಾರೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ಅದು ಅರ್ಥವಾಗುವುದಿಲ್ಲ. ಫೋನು ಕೇಳಿದ ಪ್ರಶ್ನೆಯಲ್ಲಿ ಸುಳ್ಳೇನೂ ಇಲ್ಲ, ಆದರೆ ಅದಕ್ಕೆ "ಹೌದು" ಎಂದು ಒತ್ತಿದರೆ ಧಾರೆ, ದಿಬ್ಬಣ, ಕಣ್ಣೀರು ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅಲ್ಲಿ ನಿಂತವರಲ್ಲಿ "ಒತ್ತು ಒತ್ತು, ಎಂತ ಆಗುದಿಲ್ಲ" ಎನ್ನುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಪೆನ್‌ಡ್ರೈವನ್ನು ವಿಡಿಯೋದವರಿಗೇ ಹಿಂದೆ ಕೊಟ್ಟು ಫೈಲನ್ನು ತುಂಡು ಮಾಡಿ ಫ್ಯಾಟ್32ರಲ್ಲೋ, ಹೊಸ ಫೋನಾದರೆ ಎಕ್ಸ್‌ಫ್ಯಾಟ್‌ನಲ್ಲೋ ತುಂಬಿಸಿಕೊಡಲು ಹೇಳಿದರೆ ಮುಗಿಯಿತು.

ಮದುವೆಯ ವಿಡಿಯೋ ಮನರಂಜನೆಯ ಲೆಕ್ಕ. ಫೋನಿನ ಇದೇ ಕಿಂಡಿಯಲ್ಲಿ ಹೊಟ್ಟೆಪಾಡೂ ನಡೆಯುತ್ತದೆ. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶದಾದ್ಯಂತ ಆರಂಭವಾದ ಮೇಲೆ ಪೋಸ್ಟಿನವರ ಚೀಲದೊಳಗೆ ಕಾಗದದ ಜತೆ ಒಂದು ಫೋನು, ಅದರ ಕಿಂಡಿಗೆ ಸಿಕ್ಕಿಸಿ ಬೆರಳಚ್ಚು ಓದುವ ಒಂದು ಪುಟ್ಟ ಯಂತ್ರ ಸೇರಿಕೊಂಡವು. ಆಧಾರ್ ಜೋಡಿಸಿದ ಯಾವ ಬ್ಯಾಂಕಿನ ಖಾತೆಯಾದರೂ ಮನೆಯ ಜಗಲಿಯಲ್ಲಿ ಕೂತು ದುಡ್ಡು ತೆಗೆಯಬಹುದು. ಕೊಲ್ಲಮೊಗ್ರದಲ್ಲೋ ಬಿಳಿನೆಲೆಯಲ್ಲೋ ಬಸ್ಸಿಗೆ ಕಾದು, ಪೇಟೆಗೆ ಹೋಗಿ, ಬ್ಯಾಂಕಿನ ಸಾಲಿನಲ್ಲಿ ನಿಂತು ಬರುವ ಅಜ್ಜಿಯೊಬ್ಬರಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕೆಂದಿಲ್ಲ. ಆದರೆ ಅಜ್ಜಿಯ ಬೆರಳಿಗೆ ಬೇರೆಯೇ ಚರಿತ್ರೆ ಉಂಟು.

"ಅಮ್ಮಾ, ಬೆರಳು ಸರಿ ಒರೆಸಿ ಇನ್ನೊಮ್ಮೆ ಇಡಿ."

"ಎಂತ ಮಾಡುದು ಮಗಾ, ಅಡಿಕೆ ಸುಲಿದು ಸುಲಿದು ಗೆರೆಯೇ ಇಲ್ಲ."

ಇದು ತಮಾಷೆಯ ಮಾತಲ್ಲ. ಚಾಲಿ ಅಡಿಕೆ ಸುಲಿದವರ, ರಬ್ಬರ್ ಟ್ಯಾಪಿಂಗಿಗೆ ಹೋಗುವವರ, ಬೀಡಿ ಕಟ್ಟಿದವರ ಬೆರಳುಗಳು ಸವೆದಿರುತ್ತವೆ. ಯಂತ್ರ ಹುಡುಕುವ ಗೆರೆ ಅಲ್ಲಿ ಸಿಗುವುದಿಲ್ಲ. ಬೆರಳು ಬದಲಿಸಬೇಕು, ಒದ್ದೆಯಾದರೆ ಒರೆಸಬೇಕು, ಒಣಗಿದ್ದರೆ ತುಸು ಪಸೆ ಮಾಡಬೇಕು. ಎಷ್ಟೋ ಸಲ ಬೆರಳು ಸರಿಯಿದ್ದು ಪಿನ್ನು ಸಡಿಲವಾಗಿರುತ್ತದೆ. ದಿನಕ್ಕೆ ಹತ್ತಾರು ಸಲ ಸಿಕ್ಕಿಸಿ ತೆಗೆಯುವ ಕಿಂಡಿ ಸವೆಯದೆ ಇರುತ್ತದೆಯೇ? ತಂತಿಯನ್ನು ಒಂದು ಕೋನಕ್ಕೆ ಬಗ್ಗಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಂಪು ದೀಪ ಹೊತ್ತುವವರೆಗೆ ಉಸಿರು ಬಿಗಿಹಿಡಿಯುವ ಕಲೆ ನಮ್ಮ ಪೋಸ್ಟಿನವರಿಗೂ ರೇಶನ್ ಅಂಗಡಿಯವರಿಗೂ ಸಿದ್ಧಿಸಿದೆ. 2023ರಿಂದ ಪಿಎಂ-ಕಿಸಾನ್ ಹಣಕ್ಕೆ ಬೇಕಾದ ಇ-ಕೆವೈಸಿ ಎಂಬ ಗುರುತು ಪರೀಕ್ಷೆಗೆ ಬೆರಳಿನ ಬದಲು ಮುಖ ತೋರಿಸಿದರೂ ಆಗುತ್ತದೆ. ಸವೆದ ಬೆರಳಿನವರಿಗೆ ಅದು ದೊಡ್ಡ ಉಪಕಾರ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ಹಳ್ಳಿಯ ಕೈಯಲ್ಲಿ ಕಂಪ್ಯೂಟರ್ ಇರಬೇಕು ಎಂಬ ಕನಸನ್ನು ನಮ್ಮ ಬೆಂಗಳೂರು ಎಂದೋ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರ ರೂಪಿಸಿದರು. 2001ರಲ್ಲಿ ಮಾದರಿ ಹೊರಬಂತು. ಬೆಂಗಳೂರಿನ ಬಿಇಎಲ್ ತಯಾರಿಸಿದ ಅಮಿಡ ಸಿಂಪ್ಯೂಟರ್ 2004ರ ಮಾರ್ಚಿನಲ್ಲಿ ಮಾರಾಟಕ್ಕೆ ಬಂತು, ಆರಂಭದ ಬೆಲೆ ಸುಮಾರು 10,000 ರೂಪಾಯಿ. ಲಿನಕ್ಸ್ ಇತ್ತು, ಕಡ್ಡಿಯಿಂದ ಬರೆಯುವ ಪರದೆ ಇತ್ತು, ಯುಎಸ್‌ಬಿ ಕಿಂಡಿ ಇತ್ತು, ಸ್ಮಾರ್ಟ್ ಕಾರ್ಡ್ ಹಾಕುವ ಸೀಳು ಇತ್ತು. ಯಂತ್ರ ಊರಿಗೊಂದು, ಕಾರ್ಡು ಆಳಿಗೊಂದು. ನಿಮ್ಮ ಸರದಿ ಬಂದಾಗ ಕಾರ್ಡು ಹಾಕಿದರೆ ಅದು ನಿಮ್ಮದು ಎಂಬ ಲೆಕ್ಕಾಚಾರ. ಎಷ್ಟು ಚೆನ್ನಾದ ಯೋಚನೆ! 50,000 ಮಾರುವ ಅಂದಾಜಿತ್ತು, ಮಾರಿದ್ದು ಕೆಲವೇ ಸಾವಿರ. ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲು ಮನೆಮನೆಗೆ ನುಗ್ಗಿತು. ಆ ಮೊಬೈಲು ಯುಎಸ್‌ಬಿಯ ಯಜಮಾನಿಕೆ ಕಲಿತದ್ದು ತಡವಾಗಿ, 2011ರ ಆಂಡ್ರಾಯ್ಡ್ 3.1ರ ಅನಂತರ. ಇಂದು ಪೋಸ್ಟಿನವರು ಒಂದೇ ಯಂತ್ರ ಹಿಡಿದು ಮನೆಮನೆಗೆ ಹೋಗುತ್ತಾರೆ, ಒಬ್ಬೊಬ್ಬರ ಬೆರಳು ತಾಗಿದಾಗ ಅದು ಒಬ್ಬೊಬ್ಬರ ಬ್ಯಾಂಕು. ಸಿಂಪ್ಯೂಟರಿನವರು ಹೇಳಿದ್ದೂ ಇದನ್ನೇ. ಕಾರ್ಡಿನ ಬದಲು ಬೆರಳು ಬಂತು. ಅವರ ಹೆಸರನ್ನು ಯಾರೂ ಎತ್ತುವುದಿಲ್ಲ, ಅದೊಂದು ನನಗೆ ಬೇಸರ.

ಬೆಂಗಳೂರಿನಲ್ಲಿ ಮೇಜಿನ ಮುಂದೆ ಕೂತವರಿಗೆ ಹೊಳೆಯದ, ಫೋನಿನ ಕಿಂಡಿಯ ಶತ್ರುವೊಂದು ನಮ್ಮಲ್ಲಿ ಉಂಟು. ಅದು ಮಳೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಒಂದು ಚಿತ್ರ ದೇಶವೆಲ್ಲ ಓಡಾಡಿತ್ತು: ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ನೆಟ್‌ವರ್ಕಿನ ಬಗ್ಗೆ ಮಾತನಾಡಿದರು, ಅದು ಸರಿಯೇ. ನನ್ನ ಕಣ್ಣು ಮಾತ್ರ ಆ ಫೋನಿನ ಅಡಿಯ ಕಿಂಡಿಯ ಮೇಲೆ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಫೋನಿನ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಒದ್ದೆ ಕಿಂಡಿಯಲ್ಲಿ ಕರೆಂಟು ಹರಿದರೆ ಲೋಹ ಇನ್ನೂ ಬೇಗ ತಿಂದುಹೋಗುತ್ತದೆ. ಅದಕ್ಕೇ ಹೊಸ ಫೋನುಗಳು ನೀರಿನ ಹನಿಯ ಚಿತ್ರ ತೋರಿಸಿ ಚಾರ್ಜು ನಿಲ್ಲಿಸುತ್ತವೆ. ಆಗ ನಮ್ಮವರು ಫೋನನ್ನು ಕುಚ್ಚಲಕ್ಕಿಯ ಡಬ್ಬಿಯೊಳಗೆ ಹೂತಿಡುತ್ತಾರೆ. ಅಕ್ಕಿಯ ಹುಡಿ ಕಿಂಡಿಗೆ ಹೋಗಿ ಕೆಡಿಸುತ್ತದೆ, ಹಾಗೆ ಮಾಡಬೇಡಿ ಎಂದು ಆಪಲ್ ಕಂಪೆನಿಯೇ ಎಚ್ಚರಿಸಿದೆ. ಕಿಂಡಿ ಕೆಳಗೆ ಮಾಡಿ ಅಂಗೈಗೆ ಮೆಲ್ಲ ತಟ್ಟಿ, ಗಾಳಿ ಆಡುವಲ್ಲಿ ಇಟ್ಟರೆ ಸಾಕು. ಫೋನನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಅದು ಅಡಿಕೆಗೆ ಇರಲಿ.

ಇಷ್ಟೆಲ್ಲ ಹೇಳಿ ಕೀಬೋರ್ಡಿನ ಸುದ್ದಿ ಬಿಟ್ಟರೆ ಆಗದು, ಯಾಕೆಂದರೆ ಒಟಿಜಿಯಿಂದ ನನಗೆ ಆದ ದೊಡ್ಡ ಲಾಭ ಅದು. ಹೆಬ್ಬೆರಳಿನಲ್ಲಿ ಗಾಜು ಕುಟ್ಟಿ ಒಂದು ಪುಟ ಬರೆಯುವುದೆಂದರೆ ಶಿಕ್ಷೆ. ಹಳೆಯ ಕಂಪ್ಯೂಟರಿನ ಕೀಬೋರ್ಡು ಅಟ್ಟದಲ್ಲಿದ್ದರೆ ಇಳಿಸಿ, ಧೂಳು ಒರೆಸಿ, ಸಿಕ್ಕಿಸಿ. ಅದರ ಊಟ ಅತಿ ಕಡಿಮೆ, ಯಾವ ಫೋನಿಗೂ ಹೊರೆಯಲ್ಲ. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಎಲ್ಲರೂ ಬಳಸುವ ಕನ್ನಡ ಕೀಲಿ ವಿನ್ಯಾಸವನ್ನು ಆಂಡ್ರಾಯ್ಡಿಗೆ ತಂದ ಆ್ಯಪ್‌ಗಳಿವೆ. ಎಫ್ ಒತ್ತಿ ಒತ್ತಕ್ಷರ ಮೂಡಿಸುತ್ತಾ ಬೆರಳು ತಾನಾಗಿ ಓಡುತ್ತದೆ. ಈ ಪ್ರಬಂಧವೂ ಹಾಗೆಯೇ ಫೋನಿನಲ್ಲಿ ಬರೆದದ್ದು.

ಕೊಳ್ಳುವವರಿಗೆ ಒಂದೇ ವಿನಂತಿ. ಅಂಗಡಿಗೆ ಹೋಗುವಾಗ ನಿಮ್ಮದೇ ಫೋನು, ನಿಮ್ಮದೇ ಪೆನ್‌ಡ್ರೈವ್ ಜತೆಗಿರಲಿ. ಒಟಿಜಿಯನ್ನು ಅಲ್ಲಿಯೇ ಸಿಕ್ಕಿಸಿ, ಒಂದು ಫೈಲು ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ. ಮನೆಗೆ ಹೋಗಿ ಹಿಡಿಯಲಿಲ್ಲ ಎಂದು ಮರುದಿನ ಬಂದರೆ, ಡಬ್ಬಿಯ ಮಾಲಿಗೆ ಗ್ಯಾರಂಟಿ ಇಲ್ಲ.