ಅಂಡಮಾನ್: ಯಾವ ದ್ವೀಪಕ್ಕೆ ಹೋಗೋಣ?

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ, ಬಂಗಾಳ ಕೊಲ್ಲಿಯ ಬಲಮಗ್ಗುಲಿಗೆ ಯಾರೋ ಪೆನ್ನು ಕೊಡವಿದಾಗ ಸಿಡಿದ ಶಾಯಿಯಂತೆ ಚುಕ್ಕೆಗಳ ಸಾಲೊಂದು ಕಾಣುತ್ತದೆ. ಅದೇ ಅಂಡಮಾನ್ ಮತ್ತು ನಿಕೋಬಾರ್. ನೀರಿನಿಂದ ಮೇಲೆದ್ದ ಬಂಡೆ, ದಿಬ್ಬಗಳೂ ಸೇರಿ ಅಲ್ಲಿ 836 ದ್ವೀಪಗಳಿವೆ ಎಂದು ಸರ್ಕಾರದ ಲೆಕ್ಕ. ಜನವಸತಿ ಇರುವುದು ನಲವತ್ತಕ್ಕೂ ಕಡಿಮೆ ದ್ವೀಪಗಳಲ್ಲಿ. ಪ್ರವಾಸಿಗಳಿಗೆ ತೆರೆದಿರುವುದು ಕೆಲವೇ ಕೆಲವು. ಆದರೂ ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಹೊರಟ ಕುಟುಂಬಕ್ಕೆ ಆ ಕೆಲವೂ ಹೆಚ್ಚೇ. ಕೈಯಲ್ಲಿರುವುದು ಐದಾರು ದಿನ, ಅಳೆದು ಸುರಿದು ಕೂಡಿಟ್ಟ ಹಣ, ಜೊತೆಗೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ.

ಈ ಆಸೆಗೆ ತಕ್ಕಂತೆಯೇ ಪ್ರವಾಸ ಕಂಪನಿಗಳ ಕರಪತ್ರಗಳೂ ಇರುತ್ತವೆ. ಆರು ದಿನ, ಏಳು ದ್ವೀಪ! ಕೇಳಲು ಚೆನ್ನ. ಆದರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಬಸ್ಸು ಬದಲಿಸಿದಂತಲ್ಲ. ಬೆಳಿಗ್ಗೆ ಗಂಟುಮೂಟೆ ಕಟ್ಟಬೇಕು, ಜೆಟ್ಟಿಗೆ ಬೇಗ ಹೋಗಿ ಗುರುತಿನ ಚೀಟಿ ತೋರಿಸಿ ಸಾಲಿನಲ್ಲಿ ನಿಲ್ಲಬೇಕು, ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸಿದ ಮಕ್ಕಳನ್ನು ಸಂತೈಸಬೇಕು, ಇಳಿದ ಮೇಲೆ ಆಟೋ ಹಿಡಿದು ಕೋಣೆ ಸೇರಬೇಕು. ಅಲ್ಲಿಗೆ ಅರ್ಧ ದಿನ ಮುಗಿಯಿತು. ದ್ವೀಪಗಳನ್ನು ಎಣಿಸುತ್ತ ಹೋದವರಿಗೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಜೆಟ್ಟಿಗಳು ಮಾತ್ರ. ಆದ್ದರಿಂದ ಅಂಡಮಾನಿಗೆ ಹೊರಡುವ ಮೊದಲು ಕೇಳಿಕೊಳ್ಳಬೇಕಾದ್ದು ಎಷ್ಟು ದ್ವೀಪ ನೋಡೋಣ ಎಂದಲ್ಲ, ಯಾವುದನ್ನು ಬಿಡೋಣ ಎಂದು.

ಮೊದಲು ಪಂಚಾಂಗ, ಆಮೇಲೆ ಟಿಕೆಟ್

ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಆದರೆ ಅಂಡಮಾನಿನ ಕಡಲಿಗೆ ಅಷ್ಟು ದಿನ ರಜೆಯಿಲ್ಲ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಕಾಲಿಡುವ ನೈರುತ್ಯ ಮುಂಗಾರು, ಅದಕ್ಕೆ ಹತ್ತು ದಿನ ಮೊದಲೇ, ಅಂದರೆ ಮೇ ಮೂರನೇ ವಾರದ ಹೊತ್ತಿಗೆ, ಅಂಡಮಾನನ್ನು ಮುಟ್ಟಿರುತ್ತದೆ. ಗಾಳಿ ಎದ್ದಿತೆಂದರೆ ಹಡಗುಗಳು ನಿಲ್ಲುತ್ತವೆ. ದ್ವೀಪದಲ್ಲಿ ಸಿಕ್ಕಿಕೊಂಡವರು ವಿಮಾನ ತಪ್ಪಿಸಿಕೊಳ್ಳುವುದೂ ಉಂಟು. ಹಾಗಾಗಿ ಏಪ್ರಿಲ್‌ನಲ್ಲೇ ಹೋಗಿಬರುವುದು ಜಾಣತನ. ಮೇ ಮೊದಲ ವಾರ ದಾಟಿದರೆ ಆಕಾಶವನ್ನು ನಂಬಿ ಹೊರಟಂತೆ.

ಗಡಿಯಾರವನ್ನೂ ಅಲ್ಲಿಗೆ ತಕ್ಕಂತೆ ನೋಡಬೇಕು. ಇದನ್ನು ಮಕ್ಕಳಿಗೆ ಭೂಗೋಳದ ಲೆಕ್ಕವಾಗಿ ಕೊಡಬಹುದು. ಬೆಂಗಳೂರು ಇರುವುದು ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿ, ಪೋರ್ಟ್ ಬ್ಲೇರ್ ಸುಮಾರು 92.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಒಂದು ಗಂಟೆ ವ್ಯತ್ಯಾಸ. ಕೈಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹೀಗಾಗಿ ಏಪ್ರಿಲ್‌ನಲ್ಲಿ ಅಲ್ಲಿ ಬೆಳಿಗ್ಗೆ ಐದೂ ಕಾಲರೊಳಗೆ ಬೆಳಕು ಹರಿದಿರುತ್ತದೆ, ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಎಂಟು ಗಂಟೆಗೆ ಎದ್ದು ತಿಂಡಿ ಮುಗಿಸಿ ಹೊರಡುವವರಿಗೆ ಸಿಗುವುದು ಉರಿಬಿಸಿಲು. ತಂಪಾದ ಕಡಲು ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಉಳಿದಿರುವುದು ಚಂದ್ರನ ಲೆಕ್ಕ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಇಳಿತದಲ್ಲಿ ಕೆಲವು ತೀರಗಳಲ್ಲಿ ನೀರು ಬಹುದೂರ ಸರಿದು ಬರೀ ಬಂಡೆ, ಹವಳದ ಚೂರು ಉಳಿಯುತ್ತದೆ. ಅಲ್ಲಿ ಈಜಲಾಗದು, ಆದರೆ ಬಂಡೆಯ ಗುಂಡಿಗಳಲ್ಲಿ ಸಿಕ್ಕಿಕೊಂಡ ಪುಟ್ಟ ಮೀನು, ಏಡಿ, ಕಡಲಸೌತೆಗಳನ್ನು ನೋಡಬಹುದು. ತಂಗುವ ಮನೆಯವರನ್ನು ದಿನವೂ ಉಬ್ಬರ–ಇಳಿತದ ಹೊತ್ತು ಕೇಳಿ ತಿಳಿಯುವುದು ಒಳ್ಳೆಯದು.

ಬಂದರಿನ ಎದುರಿಗೇ ಒಂದು ಪಾಠ

ವಿಮಾನವೋ ಹಡಗೋ, ಮೊದಲು ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಿಡಲಾಗಿದೆ. ಈ ಊರನ್ನು ಬರೀ ಇಳಿದು ಹತ್ತುವ ನಿಲ್ದಾಣ ಮಾಡಿಕೊಳ್ಳಬಾರದು. ಕರಿನೀರಿನ ಶಿಕ್ಷೆ ಎಂದು ನಾವು ಕೇಳಿದ್ದರ ಕಲ್ಲು ಕಬ್ಬಿಣದ ರೂಪ ಸೆಲ್ಯುಲರ್ ಜೈಲು ಇಲ್ಲೇ ಇದೆ. 1896ರಲ್ಲಿ ಕಟ್ಟಲು ತೊಡಗಿ 1906ರಲ್ಲಿ ಮುಗಿಸಿದ ಈ ಕಟ್ಟಡಕ್ಕೆ ನಡುಗೋಪುರದಿಂದ ಚಾಚಿದ ಏಳು ರೆಕ್ಕೆಗಳಿದ್ದವು. ಇಂದು ಉಳಿದಿರುವುದು ಮೂರು. ಒಂದು ರೆಕ್ಕೆಯ ಬಾಗಿಲುಗಳು ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರಿಂದ ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲ. ಮಕ್ಕಳನ್ನು ಒಂದು ಕೋಣೆಯೊಳಗೆ ಎರಡು ನಿಮಿಷ ನಿಲ್ಲಿಸಿದರೆ ಸಾಕು, ಪುಸ್ತಕದ ಒಂದು ಅಧ್ಯಾಯ ತಾನೇ ಅರ್ಥವಾಗುತ್ತದೆ.

ಊರಿನೆದುರು ದೋಣಿಯಲ್ಲಿ ಕಾಲು ಗಂಟೆ ದೂರದಲ್ಲಿರುವುದು ರಾಸ್ ದ್ವೀಪ. 2018ರ ಡಿಸೆಂಬರ್‌ನಿಂದ ಇದು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. 1858ರಿಂದ ಬ್ರಿಟಿಷರು ಇಲ್ಲಿಂದಲೇ ಅಂಡಮಾನನ್ನು ಆಳಿದರು. ಚರ್ಚು, ನೃತ್ಯಶಾಲೆ, ಬೇಕರಿ ಎಲ್ಲವೂ ಇದ್ದವು. 1941ರ ಭೂಕಂಪ ದ್ವೀಪವನ್ನು ನಡುಗಿಸಿತು, ಮರುವರ್ಷ ಜಪಾನೀಯರು ಬಂದರು. ಈಗ ಗೋಡೆಗಳನ್ನು ಆಲ, ಅತ್ತಿಗಳ ಜಾತಿಯ ಮರಗಳ ಬೇರು ಹಿಡಿದುಕೊಂಡಿವೆ, ಜಿಂಕೆಗಳು ಅಡ್ಡಾಡುತ್ತವೆ. ಅರ್ಧ ದಿನ ಸಾಕು, ಅಜ್ಜ ಅಜ್ಜಿಯರೂ ನಿಧಾನವಾಗಿ ನಡೆದು ನೋಡಬಹುದು. ಹಾಗೆಯೇ ಹಳೆಯ ಕೆಂಪು ಛಾಯೆಯ ಇಪ್ಪತ್ತು ರೂಪಾಯಿ ನೋಟು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಡಿ. ಅದರ ಹಿಂಬದಿಯಲ್ಲಿರುವ ತೆಂಗಿನ ಮರ, ದೀಪಸ್ತಂಭಗಳ ಚಿತ್ರ ಇಲ್ಲಿನ ನಾರ್ತ್ ಬೇ ದೃಶ್ಯ.

ಕೃಷ್ಣನ ದ್ವೀಪ, ರಾಮನ ದ್ವೀಪ

ಮರಳು, ನೀಲಿ ನೀರು ಬೇಕೆಂದರೆ ಎರಡು ಹೆಸರು ಮುಂದೆ ಬರುತ್ತವೆ: ಹ್ಯಾವ್‌ಲಾಕ್ ಮತ್ತು ನೀಲ್. ಇವಕ್ಕೆ ಈಗ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂಬ ಹೆಸರುಗಳಿವೆ. 1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿದ ನೇತಾಜಿ ಈ ದ್ವೀಪಸಮೂಹಕ್ಕೆ ಶಹೀದ್, ಸ್ವರಾಜ್ ಎಂಬ ಹೆಸರುಗಳನ್ನು ಸೂಚಿಸಿದ್ದರ ನೆನಪು ಅದು. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇಲ್ಲಿ ಭೂಮಿ ಕೊಡಲಾಯಿತು. ಹ್ಯಾವ್‌ಲಾಕ್‌ನ ಹಳ್ಳಿಗಳು ರಾಧಾನಗರ, ಗೋವಿಂದನಗರ, ಶ್ಯಾಮನಗರ. ನೀಲ್‌ನ ಹಳ್ಳಿಗಳು ಸೀತಾಪುರ, ಭರತಪುರ, ಲಕ್ಷ್ಮಣಪುರ. ಮನೆಮಠ ಕಳೆದುಕೊಂಡು ಬಂದವರು ಒಂದು ದ್ವೀಪಕ್ಕೆ ಕೃಷ್ಣಕಥೆಯನ್ನೂ ಇನ್ನೊಂದಕ್ಕೆ ರಾಮಾಯಣವನ್ನೂ ಜೊತೆಗೆ ತಂದರು.

ಹ್ಯಾವ್‌ಲಾಕ್ ದೊಡ್ಡದು, ಅನುಕೂಲಗಳೂ ಹೆಚ್ಚು. ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿ.ಮೀ. ಖಾಸಗಿ ವೇಗದ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆ ಹಿಡಿಯುತ್ತದೆ. ಪಶ್ಚಿಮದ ರಾಧಾನಗರ ತೀರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಕರೆದ ಮೇಲೆ ಜನ ಹೆಚ್ಚಾದರು. ಆದರೂ ಎತ್ತರದ ಕಾಡು ಮರಳಿನ ಅಂಚಿಗೇ ಬಂದು ನಿಂತಿರುವ ಆ ದೃಶ್ಯಕ್ಕೆ ಮುಪ್ಪಿಲ್ಲ. ಹಿಂದೆ ಮರ ಎಳೆಯಲು ತಂದ ಆನೆಗಳಲ್ಲಿ ಉಳಿದಿದ್ದ ರಾಜನ್ ಎಂಬ ಆನೆ ಈ ಕಡಲಿನಲ್ಲಿ ಈಜುತ್ತಿತ್ತು. 2016ರಲ್ಲಿ ಅದು ಸತ್ತಿತು. ಹದಿಹರೆಯದ ಮಕ್ಕಳಿದ್ದು, ಮುಳುಗುಗಾರಿಕೆಯನ್ನು ನುರಿತವರ ಜೊತೆ ಕಲಿಯುವ ಆಸೆಯಿದ್ದರೆ ಈ ದ್ವೀಪವೇ ಸರಿ.

ನೀಲ್ ಚಿಕ್ಕದು. ಈ ತುದಿಯಿಂದ ಆ ತುದಿಗೆ ಐದು ಕಿ.ಮೀ. ಆಸುಪಾಸು. ಬಾಡಿಗೆ ಸೈಕಲ್ಲಿನಲ್ಲಿ ಮಕ್ಕಳೇ ಸುತ್ತಿಬರಬಹುದು. ದಾರಿಯುದ್ದಕ್ಕೂ ಗದ್ದೆ, ಬಾಳೆ, ತರಕಾರಿ ತೋಟ. ಇಲ್ಲಿನ ತರಕಾರಿ ಪೋರ್ಟ್ ಬ್ಲೇರ್‌ನ ಸಂತೆಗೆ ಹೋಗುತ್ತದೆ. ಲಕ್ಷ್ಮಣಪುರದ ತೀರದಲ್ಲಿ ಅಲೆ ಕೊರೆದ ಕಲ್ಲಿನ ಕಮಾನು ಇದೆ. ಬಂಗಾಳಿಗಳು ಊರಿನ ನೆನಪಿಗೆ ಅದನ್ನು ಹೌರಾ ಸೇತುವೆ ಎನ್ನುತ್ತಾರೆ. ಇಳಿತದ ಹೊತ್ತಿಗೆ ಹೋದರಷ್ಟೇ ಅದರ ಬುಡದವರೆಗೆ ನಡೆಯಬಹುದು. ಚಿಕ್ಕ ಮಕ್ಕಳಿರುವವರಿಗೆ, ಗದ್ದಲ ಬೇಡವೆನ್ನುವವರಿಗೆ ಎರಡರಲ್ಲಿ ನೀಲ್ ಮೇಲು.

ಈಜುವ ವಿಷಯದಲ್ಲಿ ಒಂದು ಮಾತು. ಅಂಡಮಾನಿನ ಕಾಂಡ್ಲಾ ಕಾಡುಗಳ ನಡುವಿನ ಕೊರಕಲುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದ ತೀರದಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕ ಇರುವಲ್ಲಿ, ತೊರೆ ಕಡಲಿಗೆ ಸೇರುವಲ್ಲಿ, ಕತ್ತಲಾದ ಮೇಲೆ ನೀರಿಗಿಳಿಯಲೇಬಾರದು. ಜೀವರಕ್ಷಕರು ಕೂಗಿ ಕರೆದರೆ ಅದು ಮಕ್ಕಳ ಆಟ ಕೆಡಿಸಲಿಕ್ಕಲ್ಲ.

ಹವಳದ ಬಾಗಿಲು

ಹವಳ ನೋಡಲೇಬೇಕೆಂದರೆ ಪೋರ್ಟ್ ಬ್ಲೇರ್‌ನಿಂದ ವಂಡೂರಿಗೆ ಹೋಗಬೇಕು. 1983ರಲ್ಲಿ ಸ್ಥಾಪಿಸಿದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದೋಣಿಗಳು ಅಲ್ಲಿಂದ ಹೊರಡುತ್ತವೆ. ಉದ್ಯಾನದ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಒಂದು ತೆರೆದಿರುವಾಗ ಇನ್ನೊಂದಕ್ಕೆ ವಿಶ್ರಾಂತಿ. ರೈತ ಹೊಲವನ್ನು ಬೀಳುಬಿಡುವ ಹಾಗೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಹವಳವೆಂಬುದು ಕಲ್ಲಲ್ಲ, ಲಕ್ಷಾಂತರ ಪುಟ್ಟ ಜೀವಿಗಳು ಕಟ್ಟಿದ ಮನೆ. ನೀರು ಒಂದೆರಡು ಡಿಗ್ರಿ ಹೆಚ್ಚು ಕಾದರೂ ಅವು ಬಣ್ಣ ಕಳೆದುಕೊಂಡು ಬಿಳಿಚುತ್ತವೆ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಗಳಿಗೆ ಹೀಗೆಯೇ ದೊಡ್ಡ ಪೆಟ್ಟು ಬಿತ್ತು. ನಮ್ಮ ರಜೆಯ ತಿಂಗಳುಗಳೇ ಅವಕ್ಕೆ ಕಷ್ಟದ ತಿಂಗಳುಗಳು. ಮೇಲೆ ಕಾಲಿಟ್ಟು ನಿಲ್ಲುವುದು, ಚೂರು ಮುರಿದು ಜೇಬಿಗೆ ಹಾಕುವುದು ಎರಡೂ ಕೂಡದು. ಎರಡನೆಯದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಬಿಟ್ಟುಬಿಡಬೇಕಾದ ದಾರಿ

ಉತ್ತರದ ದಿಗ್ಲಿಪುರದ ಬಳಿ ಮರಳಿನ ದಿಬ್ಬವೊಂದು ಸೇರಿಸಿರುವ ರಾಸ್, ಸ್ಮಿತ್ ಎಂಬ ಅವಳಿ ದ್ವೀಪಗಳು ಸುಂದರವೇನೋ ಹೌದು. ಆದರೆ ಹೋಗಿಬರಲು ಎರಡು ಮೂರು ದಿನ ಬೇಕು. (ಪೋರ್ಟ್ ಬ್ಲೇರ್ ಎದುರಿನ ರಾಸ್ ಬೇರೆ, ಇದು ಬೇರೆ.) ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಿರುವ ಬ್ಯಾರನ್ ದ್ವೀಪದಲ್ಲಿ ಇಳಿಯಲು ಬಿಡುವುದಿಲ್ಲ. ನಿಕೋಬಾರ್ ಪ್ರವಾಸಿಗಳಿಗೆ ತೆರೆದಿಲ್ಲ. ಸೆಂಟಿನೆಲಿ ಜನರ ಉತ್ತರ ಸೆಂಟಿನೆಲ್‌ನ ಹತ್ತಿರಕ್ಕೂ ಸುಳಿಯುವಂತಿಲ್ಲ.

ಪ್ರಶ್ನೆ ಇರುವುದು ಬಾರಾಟಾಂಗ್ ಬಗ್ಗೆ. ಅಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ, ಕೆಸರು ಉಕ್ಕುವ ದಿಬ್ಬಗಳಿವೆ. ಬಹುತೇಕ ಎಲ್ಲ ಕರಪತ್ರಗಳಲ್ಲೂ ಅದರ ಹೆಸರಿರುತ್ತದೆ. ಆದರೆ ಅಲ್ಲಿಗೆ ಹೋಗುವ ರಸ್ತೆ ಜರಾವಾ ಜನರ ಮೀಸಲು ಕಾಡನ್ನು ಸೀಳಿಕೊಂಡು ಸಾಗುತ್ತದೆ. ವಾಹನಗಳು ಪೊಲೀಸ್ ಕಾವಲಿನಲ್ಲಿ ಸಾಲಾಗಿ ಹೋಗಬೇಕು, ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆದರೂ ಕಿಟಕಿಗೆ ಮುಖ ಒತ್ತಿ "ಕಾಣಿಸಿದರಾ?" ಎಂದು ಕೇಳುವವರಿಗೆ ಕೊರತೆಯಿಲ್ಲ. ಜರಾವಾಗಳು ಕೆಲವೇ ನೂರು ಮಂದಿ. 1997–98ರ ಸುಮಾರಿಗೆ ಅವರು ಕಾಡಿನಿಂದ ಹೊರಬರತೊಡಗಿದರು. 1999ರಲ್ಲಿ ಅವರ ನಡುವೆ ದಡಾರ ಹರಡಿತು. ಮೀಸಲು ಕಾಡಿನೊಳಗಿನ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಆಮೇಲೆಯೂ ರಸ್ತೆ ನಡೆಯುತ್ತಲೇ ಬಂತು. 2017ರಲ್ಲಿ ಬಾರಾಟಾಂಗ್‌ಗೆ ಕಡಲ ಮಾರ್ಗವನ್ನೂ ಆರಂಭಿಸಲಾಯಿತು.

ಹೊರಗಿನವರ ಸಹವಾಸ ಏನು ಮಾಡಬಲ್ಲದು ಎಂಬುದಕ್ಕೆ ಅಂಡಮಾನಿನಲ್ಲೇ ಉದಾಹರಣೆಯಿದೆ. 1858ರಲ್ಲಿ ಕೆಲವು ಸಾವಿರವಿದ್ದ ಗ್ರೇಟ್ ಅಂಡಮಾನೀಸ್ ಜನ ಒಂದು ಶತಮಾನದಲ್ಲಿ ಬೆರಳೆಣಿಕೆಗೆ ಇಳಿದರು. ಇಂದು ಐವತ್ತರ ಆಸುಪಾಸು. ಅವರ ಬೋ ಭಾಷೆಯನ್ನು ಬಲ್ಲ ಕೊನೆಯ ಮಹಿಳೆ ಬೋವಾ 2010ರ ಜನವರಿಯಲ್ಲಿ ತೀರಿಕೊಂಡರು. ಆ ದಿನ ಒಂದು ಇಡೀ ಭಾಷೆ ಮುಗಿಯಿತು. ಕನ್ನಡ ಉಳಿಯಬೇಕೆಂದು ಮಾತಾಡುವ ನಾವು ಇದನ್ನು ಮಕ್ಕಳಿಗೆ ಹೇಳಬೇಕು. ಗುಹೆ ನೋಡುವ ನೆಪದಲ್ಲಿ ಮನುಷ್ಯರನ್ನು ನೋಡಲು ಹೋಗುವುದು ಪ್ರವಾಸವಲ್ಲ. ಸುಣ್ಣಕಲ್ಲಿನ ಗುಹೆಗಳು ನಮ್ಮ ದೇಶದಲ್ಲಿ ಬೇರೆಡೆಯೂ ಇವೆ. ಹೋಗಲೇಬೇಕೆಂದರೆ ಕಡಲ ಮಾರ್ಗದ ದೋಣಿ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಬಾರಾಟಾಂಗನ್ನು ಬಿಡಿ. ಉಳಿಯುವ ಆ ಒಂದು ದಿನವನ್ನು ನೀಲ್‌ಗೆ ಸೇರಿಸಿದರೆ ಯಾರಿಗೂ ನಷ್ಟವಿಲ್ಲ.

ಆರು ರಾತ್ರಿಗೆ ಒಂದು ಲೆಕ್ಕ

ಮೊದಲ ದಿನ ಸೆಲ್ಯುಲರ್ ಜೈಲು, ಎರಡನೆಯ ದಿನ ರಾಸ್. ಪೋರ್ಟ್ ಬ್ಲೇರ್‌ನಲ್ಲಿ ವಾಸ್ತವ್ಯ. ಆಮೇಲೆ ಹ್ಯಾವ್‌ಲಾಕ್‌ನಲ್ಲಿ ಎರಡು ರಾತ್ರಿ, ನೀಲ್‌ನಲ್ಲಿ ಒಂದು ರಾತ್ರಿ. ಚಿಕ್ಕ ಮಕ್ಕಳಿದ್ದರೆ ಇದನ್ನು ತಿರುಗುಮುರುಗು ಮಾಡಿಕೊಳ್ಳಿ. ಕೊನೆಯ ರಾತ್ರಿ ತಪ್ಪದೆ ಪೋರ್ಟ್ ಬ್ಲೇರ್‌ಗೆ ಮರಳಿರಬೇಕು. ದ್ವೀಪದಿಂದ ನೇರವಾಗಿ ವಿಮಾನಕ್ಕೆ ಬರುವ ಸಾಹಸ ಬೇಡ.

ಬೆಂಗಳೂರಿನಿಂದಲೂ ಚೆನ್ನೈನಿಂದಲೂ ವಿಮಾನ ಉಂಟು. ಚೆನ್ನೈನಿಂದ ಹೊರಡುವ ಹಡಗಿಗೆ ಸುಮಾರು ಮೂರು ದಿನ ಬೇಕು. ಭಾರತೀಯರು ಈ ಮುಖ್ಯ ದ್ವೀಪಗಳಿಗೆ ಹೋಗಲು ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಜೈಲು, ರಾಸ್, ವಂಡೂರುಗಳ ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿ. ಹಡಗಿನಲ್ಲಿ ವಾಂತಿಯಾಗುವವರಿಗೆ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ತಲೆಗೆ ಟೊಪ್ಪಿಗೆ, ಉದ್ದ ತೋಳಿನ ಹತ್ತಿಯ ಅಂಗಿ, ನೀರು ತುಂಬಿಕೊಳ್ಳಲು ಸ್ಟೀಲಿನ ಬಾಟಲಿ ಜೊತೆಗಿರಲಿ. ವಾಪಸು ಬರುವಾಗ ಚೀಲದಲ್ಲಿ ಚಿಪ್ಪು, ಹವಳ ಇಲ್ಲವೆಂದು ಮಕ್ಕಳಿಂದಲೇ ಒಮ್ಮೆ ನೋಡಿಸಿ.